ಗಾಳಿ, ಮಾಟ, ಆವೇಶ: ಕೊಳ್ಳೇಗಾಲದ ಸೀಮೆಯಲ್ಲಿ ಮೈಯ ಮೂಲಕ ತೋರುವ ಮನೋವ್ಯಾಧಿಗಳ ವಿಚಾರ

೧. ವಿಷಯಪ್ರವೇಶ

ಕಾವೇರಿಯ ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟದಿಂದ ಮೊದಲ್ಗೊಂಡು ಮಲೆಯ ಮಹದೇಶ್ವರನ ಎಪ್ಪತ್ತೇಳು ಮಲೆಗಳವರೆಗೆ ಹಬ್ಬಿರುವ ಯಳಂದೂರು, ಕೊಳ್ಳೇಗಾಲ, ಹನೂರುಗಳ ಸೀಮೆಯು ಕನ್ನಡ ಸಾಹಿತ್ಯಾಭ್ಯಾಸಿಗಳಿಗೆ ಎರಡು ಕಾರಣಗಳಿಂದ ಚಿರಪರಿಚಿತವಾದುದು. ಹದಿಬದೆಯ ಧರ್ಮವನ್ನು ರಚಿಸಿದ ಸಂಚಿಯ ಹೊನ್ನಮ್ಮನ ಹುಟ್ಟೂರು ಯಳಂದೂರು. ದೇವರಗುಡ್ಡರು ಕಂಸಾಳೆಯೊಡನೆ ಹಾಡುವ ಮಾದೇಶ್ವರನ ಕಾವ್ಯಕ್ಕೂ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯಕ್ಕೂ ಈ ನೆಲವೇ ನೆಲೆ. ಆಡಳಿತದ ದೃಷ್ಟಿಯಿಂದ ಈ ಸೀಮೆಯು ಬಹುಕಾಲ ಒಡೆದುಕೊಂಡಿತ್ತು. ಕೊಳ್ಳೇಗಾಲವು ೧೯೫೬ರ ರಾಜ್ಯಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿತ್ತು. ಕೊಳ್ಳೇಗಾಲ ತಾಲ್ಲೂಕಿನ ಒಳಗಿದ್ದ ಹನೂರು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ಏರ್ಪಟ್ಟಂದಿನಿಂದ ಮೂರೂ ಒಂದೇ ಜಿಲ್ಲೆಗೆ ಸೇರಿವೆ.

ಇವೆರಡರ ಜೊತೆಗೆ ಈ ಸೀಮೆಗೆ ಇನ್ನೊಂದು ಪ್ರಸಿದ್ಧಿಯೂ ಅಂಟಿಕೊಂಡಿದೆ. 'ಕೊಳ್ಳೇಗಾಲದ ಮಾಟ' ಎಂಬ ಮಾತು ಕನ್ನಡನಾಡಿನಲ್ಲಿ ಮಾತ್ರವಲ್ಲದೆ ನೆರೆಯ ತಮಿಳುನಾಡಿನಲ್ಲಿಯೂ ಗಾದೆಯಂತೆ ನಡೆಯುತ್ತದೆ. ಕಾರಣ ತಿಳಿಯದ ಹೊಟ್ಟೆನೋವಿಗೆ, ಏಕಾಏಕಿ ಕಟ್ಟಿಹೋದ ಧ್ವನಿಗೆ, ಅಳವು ತಪ್ಪಿದ ಕೈಕಾಲಿಗೆ ಪರಿಹಾರ ಕೇಳಲು ಜನರು ದೂರದೂರದಿಂದ ಇಲ್ಲಿಯ ಮಂತ್ರವಾದಿಗಳನ್ನು ಅರಸಿಕೊಂಡು ಬರುವುದುಂಟು. ಊರಿನ ಈ ಹೆಸರು ಸೀಮೆಯ ಜನರ ನಡತೆಗೆ ಸಾಕ್ಷಿಯಲ್ಲ. ಹಾಗೆ ಬರುವವರ ಸಂಕಟದ ಗುರುತು. ಆ ಸಂಕಟದಲ್ಲಿ ಒಂದು ಪಾಲನ್ನು ಆಧುನಿಕ ಮನಶ್ಶಾಸ್ತ್ರವು ದೇಹಲಕ್ಷಣ ವ್ಯಾಧಿಗಳೆಂದೂ ವಿಘಟನ ವ್ಯಾಧಿಗಳೆಂದೂ ಕರೆಯುತ್ತದೆ. ಈ ವ್ಯಾಧಿಗಳ ಸ್ವರೂಪವನ್ನು ವಿವರಿಸುವುದೂ, ಇವುಗಳ ವಿಷಯದಲ್ಲಿ ಶಾಸ್ತ್ರವು ನೂರು ವರ್ಷ ತಡವರಿಸಿ ಕಂಡುಕೊಂಡ ಕೆಲವು ವಿವೇಕಗಳು ಈ ಸೀಮೆಯ ಆಡುನುಡಿಯಲ್ಲಿಯೂ ಹಾಡಿನಲ್ಲಿಯೂ ಮೊದಲೇ ಸೂಚಿತವಾಗಿವೆಯೆಂಬುದನ್ನು ತೋರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

೨. ವ್ಯಾಧಿಗಳ ಸ್ವರೂಪ

ಒಬ್ಬ ಮನುಷ್ಯನ ಮೈಯಲ್ಲಿ ನೋವು, ನಿಶ್ಶಕ್ತಿ, ಉರಿ, ಉಸಿರುಗಟ್ಟುವಿಕೆ ಮೊದಲಾದ ಲಕ್ಷಣಗಳು ತೋರಿ, ಅವುಗಳ ಚಿಂತೆಯೇ ಅವನ ಹಗಲಿರುಳನ್ನು ಆಕ್ರಮಿಸಿ, ಬಾಳ್ವೆ ನಡೆಯದಂತಾದರೆ ಅದು ದೇಹಲಕ್ಷಣ ವ್ಯಾಧಿ. ಪರೀಕ್ಷೆಯಲ್ಲಿ ಯಾವ ರೋಗವೂ ಕಾಣಬಾರದೆಂಬುದು ಹಿಂದಿನ ನಿಯಮವಾಗಿತ್ತು. ಅಮೆರಿಕದ ಮನೋವೈದ್ಯ ಸಂಘವು ೨೦೧೩ರಲ್ಲಿ ಪ್ರಕಟಿಸಿದ ಐದನೆಯ ವರ್ಗೀಕರಣವು ಆ ನಿಯಮವನ್ನು ಕೈಬಿಟ್ಟಿತು. ರೋಗವಿರಲಿ, ಇಲ್ಲದಿರಲಿ, ಲಕ್ಷಣದ ಬಗೆಗಿನ ಆಲೋಚನೆ, ಭಯ, ವರ್ತನೆಗಳು ಮಿತಿಮೀರಿ ಬಹುಕಾಲ, ಸಾಮಾನ್ಯವಾಗಿ ಆರು ತಿಂಗಳಿಗೂ ಮೇಲೆ, ನಿಲ್ಲುವುದೇ ಈಗಿನ ಲಕ್ಷಣ. ಇದರಿಂದ ಒಂದು ದೊಡ್ಡ ಉಪಕಾರವಾಯಿತು: 'ನಿನಗೆ ಏನೂ ಇಲ್ಲ' ಎಂದು ವೈದ್ಯನು ನುಡಿಯುವುದಕ್ಕೆ ಶಾಸ್ತ್ರದ ಆಧಾರವು ತಪ್ಪಿಹೋಯಿತು.

ಎರಡನೆಯದು ವಿಘಟನೆ. ನೆನಪು, ತಾನೆಂಬ ಅರಿವು, ಇಂದ್ರಿಯಜ್ಞಾನ, ಅಂಗಾಂಗಗಳ ಮೇಲಿನ ಹಿಡಿತ, ಇವೆಲ್ಲವೂ ಸಾಮಾನ್ಯವಾಗಿ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡಿರುತ್ತವೆ. ಅತಿಯಾದ ಭಯ, ದುಃಖ, ಹಿಂಸೆಗಳ ಒತ್ತಡದಲ್ಲಿ ಈ ಹೊಸೆತ ಸಡಿಲಗೊಂಡು ಒಂದೊಂದು ಎಳೆ ಬೇರೆಯಾಗುವುದೇ ವಿಘಟನೆ. ನೆನಪು ಬೇರೆಯಾದರೆ ವಿಸ್ಮೃತಿ. ಅಂಗಗಳ ಹಿಡಿತ ಬೇರೆಯಾದರೆ ಲಕ್ವದಂಥ ನಿಶ್ಚಲತೆ, ಮೂಕತನ, ಮೂರ್ಛೆಯಂಥ ಸೆಳವು. ತಾನೆಂಬ ಅರಿವೇ ಬೇರೆಯಾಗಿ ಆ ಸ್ಥಾನದಲ್ಲಿ ಇನ್ನೊಂದು ಚೇತನ ಬಂದು ಕುಳಿತಂತಾದರೆ ಆವೇಶ. ಲಕ್ವದಂಥ ಲಕ್ಷಣಗಳನ್ನು ಅಮೆರಿಕದ ವರ್ಗೀಕರಣವು ದೇಹಲಕ್ಷಣ ವ್ಯಾಧಿಗಳ ಜೊತೆಯಲ್ಲಿಯೂ, ಜಾಗತಿಕ ಆರೋಗ್ಯ ಸಂಸ್ಥೆಯ ವರ್ಗೀಕರಣವು ವಿಘಟನೆಯ ಜೊತೆಯಲ್ಲಿಯೂ ಇಟ್ಟಿರುವುದನ್ನು ನೋಡಿದರೆ ಇವೆರಡರ ನಡುವಣ ಗಡಿ ಗಟ್ಟಿಯಾದುದಲ್ಲವೆಂಬುದು ತಿಳಿಯುತ್ತದೆ.

ಇವೆರಡರಲ್ಲಿಯೂ ಮುಖ್ಯವಾಗಿ ಗ್ರಹಿಸಬೇಕಾದ ಅಂಶವೆಂದರೆ, ಇವು ನಟನೆಯಲ್ಲ. ನಟನೆಯಲ್ಲಿ ಉದ್ದೇಶವು ತಿಳಿದಿರುತ್ತದೆ. ಇಲ್ಲಿ ರೋಗಿಗೆ ತನ್ನ ಅಂಗವು ತನ್ನ ಮಾತನ್ನು ಕೇಳುತ್ತಿಲ್ಲವೆಂಬುದಷ್ಟೇ ತಿಳಿದಿರುತ್ತದೆ. ಇದು ಹೇಗೆ ಸಾಧ್ಯವೆಂಬುದಕ್ಕೆ ಕಂಸಾಳೆಯ ಕುಣಿತವೇ ಒಳ್ಳೆಯ ದೃಷ್ಟಾಂತ. ಒಂದು ಕೈಯ ಬಟ್ಟಲಿಗೆ ಇನ್ನೊಂದು ಕೈಯ ತಾಳವನ್ನು ಬೀಸಿ ಬಡಿಯುತ್ತ, ಬಾಗುತ್ತ, ಸುತ್ತುತ್ತ ಕುಣಿಯುವವನ ಕೈ ತಾನಾಗಿ ನಡೆಯುತ್ತದೆ. ಅವನು ಒಂದೊಂದು ಬೆರಳಿನ ಚಲನೆಯನ್ನೂ ಗಮನಿಸತೊಡಗಿದರೆ ಲಯ ತಪ್ಪಿಹೋಗುತ್ತದೆ. ಹಾಗೆಯೇ, ಕಾಲು ಬಿದ್ದುಹೋದೀತೆಂಬ ಭಯದಿಂದ ಗಮನವೆಲ್ಲ ಕಾಲಿನಲ್ಲಿ ನೆಟ್ಟವನಿಗೆ ಕಾಲೇ ಪರಕೀಯವಾಗಬಹುದು. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆಯೆಂದು ಭಾವಿಸಿದ ಪಾದವು ಸಮನೆಲದಲ್ಲಿಯೂ ಮುಗ್ಗರಿಸುತ್ತದೆ. ನಿರೀಕ್ಷೆಯು ಮೈಯನ್ನು ಆಳುತ್ತದೆ. ಈ ಸಂಗತಿಗೆ ವೈದ್ಯಪರೀಕ್ಷೆಯಲ್ಲಿಯೂ ಪುರಾವೆಯುಂಟು. ೧೯೦೮ರಲ್ಲಿ ಅಮೆರಿಕದ ವೈದ್ಯ ಹೂವರನು ತೋರಿಸಿಕೊಟ್ಟ ಪರೀಕ್ಷೆಯಲ್ಲಿ, ಮಲಗಿರುವ ರೋಗಿಗೆ ಸೋತ ಕಾಲನ್ನು ಒತ್ತೆಂದರೆ ಒತ್ತಲಾಗುವುದಿಲ್ಲ. ಆದರೆ ಗಟ್ಟಿಯಾದ ಇನ್ನೊಂದು ಕಾಲನ್ನು ಮೇಲೆತ್ತೆಂದಾಗ ಸೋತ ಕಾಲಿನ ಹಿಮ್ಮಡಿ ತಾನಾಗಿಯೇ ಹಾಸಿಗೆಯನ್ನು ಒತ್ತುತ್ತದೆ. ಶಕ್ತಿಯು ಅಂಗದಲ್ಲಿದೆ, ಅದನ್ನು ಕರೆಯುವ ಹಾದಿ ಕಟ್ಟಿದೆ.

೩. ಶಾಸ್ತ್ರವು ನಡೆದುಬಂದ ದಾರಿ

ಪ್ರಾಚೀನ ಗ್ರೀಕರು ಈ ವ್ಯಾಧಿಗಳನ್ನು ಗರ್ಭಕೋಶದ ಚಲನೆಯಿಂದ ಹುಟ್ಟುವುವೆಂದು ಭಾವಿಸಿದರು. ಹಿಸ್ಟೀರಿಯಾ ಎಂಬ ಹೆಸರು ಗರ್ಭಕೋಶವಾಚಕವಾದ ಗ್ರೀಕ್ ಶಬ್ದದಿಂದ ಬಂದಿತು. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದು. ಚರಕಸಂಹಿತೆಯು ಉನ್ಮಾದವನ್ನು ದೋಷಗಳಿಂದ ಹುಟ್ಟುವ ನಿಜವೆಂದೂ ಹೊರಗಿನಿಂದ ಬರುವ ಆಗಂತುವೆಂದೂ ವಿಭಜಿಸುತ್ತದೆ. ಆದರೆ ನಿದಾನಸ್ಥಾನದ ಏಳನೆಯ ಅಧ್ಯಾಯದಲ್ಲಿ, ತನ್ನ ಕರ್ಮದಿಂದಲೇ ಕ್ಲೇಶಕ್ಕೆ ಒಳಗಾಗದವನನ್ನು ದೇವತೆಗಳಾಗಲಿ ಗಂಧರ್ವರಾಗಲಿ ಪಿಶಾಚಗಳಾಗಲಿ ಬಾಧಿಸುವುದಿಲ್ಲವೆಂದೂ, ಪ್ರಜ್ಞಾಪರಾಧದಿಂದ ಬಂದ ವ್ಯಾಧಿಗೆ ದೇವತೆಗಳನ್ನು ದೂರಬಾರದೆಂದೂ ಹೇಳಿರುವುದು ಗಮನಾರ್ಹ. ಭೂತವಿದ್ಯೆಯನ್ನು ಅಂಗೀಕರಿಸಿದ ಶಾಸ್ತ್ರದಲ್ಲಿಯೇ ಭೂತದಿಂದ ಮನುಷ್ಯನ ಕಡೆಗೆ ತಿರುಗುವ ದೃಷ್ಟಿ ಹೀಗೆ ಕಾಣಿಸಿಕೊಂಡಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೆರ್ ಆಸ್ಪತ್ರೆಯ ಶಾರ್ಕೋ ಎಂಬ ನರವೈದ್ಯನು ಹಿಸ್ಟೀರಿಯಾ ಗಂಡಸರಿಗೂ ಬರುತ್ತದೆಂದು ತೋರಿಸಿದನು. ಅವನ ಬಳಿ ಕೆಲಸಮಾಡಿದ ಪಿಯರ್ ಜಾನೆಯು ೧೮೮೯ರ ತನ್ನ ಗ್ರಂಥದಲ್ಲಿ ವಿಘಟನೆಯ ಸಿದ್ಧಾಂತವನ್ನು ನಿರೂಪಿಸಿದನು. ೧೮೯೫ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಕೂಡಿ ಬರೆದ ಗ್ರಂಥವು, ಮಾತಾಗಿ ಹೊರಬರಲಾರದ ದುಃಖವು ದೇಹದ ಲಕ್ಷಣವಾಗಿ ಪರಿವರ್ತನೆಗೊಳ್ಳುತ್ತದೆಂದು ವಾದಿಸಿತು. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಗಾಯವಿಲ್ಲದೆಯೇ ಸಹಸ್ರಾರು ಯೋಧರ ಕೈಕಾಲುಗಳು ಸೋತು ಮಾತು ನಿಂತುಹೋದಾಗ, ಇದು ಹೆಂಗಸರ ದೌರ್ಬಲ್ಯವೆಂಬ ಹಳೆಯ ಅಭಿಪ್ರಾಯಕ್ಕೆ ದೊಡ್ಡ ಪೆಟ್ಟು ಬಿದ್ದಿತು.

ಶಾಸ್ತ್ರಕ್ಕೂ ಅಹಂಕಾರದ ಕಾಲವೊಂದಿತ್ತು. ಲಂಡನ್ನಿನ ಏಲಿಯಟ್ ಸ್ಲೇಟರನು ೧೯೬೫ರಲ್ಲಿ, ಹಿಸ್ಟೀರಿಯಾ ಎಂದು ಹೆಸರಿಟ್ಟು ಕಳುಹಿಸಿದ್ದ ೮೫ ರೋಗಿಗಳನ್ನು ವರ್ಷಗಳ ತರುವಾಯ ಹುಡುಕಿ ನೋಡಿದಾಗ, ಅವರಲ್ಲಿ ಅನೇಕರಿಗೆ ನರಗಳ ಅಥವಾ ಬೇರೆ ಅಂಗಗಳ ನಿಜವಾದ ರೋಗವಿದ್ದುದು ಹೊರಬಿದ್ದಿತು. ಇಂಥ ತಪ್ಪು ನಿರ್ಣಯಗಳ ಪ್ರಮಾಣವು ೧೯೫೦ರ ದಶಕದಲ್ಲಿ ಶೇಕಡಾ ೨೯ರಷ್ಟಿದ್ದುದು ೧೯೭೦ರಿಂದೀಚೆಗೆ ಶೇಕಡಾ ೪ಕ್ಕೆ ಇಳಿದಿದೆಯೆಂದು ೨೦೦೫ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ತಿಳಿಸಿತು. ಕೈಗೆ ಸಿಕ್ಕದ ರೋಗಕ್ಕೆಲ್ಲ ಮನಸ್ಸನ್ನು ಹೊಣೆ ಮಾಡದೆ, ಹೂವರನ ಪರೀಕ್ಷೆಯಂಥ ಸ್ಪಷ್ಟ ಚಿಹ್ನೆಗಳನ್ನು ಕಂಡ ಮೇಲೆಯೇ ನಿರ್ಣಯಿಸಬೇಕೆಂಬುದು ಇಂದಿನ ನಿಯಮ. ಹಿಸ್ಟೀರಿಯಾ ಎಂಬ ಹೆಸರನ್ನು ಅಮೆರಿಕದ ವರ್ಗೀಕರಣವು ೧೯೮೦ರಲ್ಲಿಯೇ ತೆಗೆದುಹಾಕಿತು. ಆವೇಶವನ್ನು ಜಾಗತಿಕ ಆರೋಗ್ಯ ಸಂಸ್ಥೆಯು ೧೯೯೨ರ ತನ್ನ ಹತ್ತನೆಯ ವರ್ಗೀಕರಣದಲ್ಲಿ ಸೇರಿಸಿ, ೨೦೨೨ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೆಯದರಲ್ಲಿ ಇನ್ನಷ್ಟು ನಿಷ್ಕೃಷ್ಟಗೊಳಿಸಿತು.

ಕನ್ನಡನಾಡಿನಲ್ಲಿ ಈ ವಿದ್ಯೆಗೆ ನೆಲೆ ದೊರೆತುದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಪ್ರಾರಂಭಿಸಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ೧೯೫೪ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಸ್ಥಾಪಿತವಾಗಿ, ೧೯೭೪ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಸಾಮಾನ್ಯ ಓದುಗರಿಗೆ ಮನೋವೈದ್ಯವನ್ನು ತಿಳಿಗನ್ನಡದಲ್ಲಿ ಮುಟ್ಟಿಸಿದ ರಾಶಿ ಎಂಬ ಕಾವ್ಯನಾಮದ ಡಾ. ಎಂ. ಶಿವರಾಮ್ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

೪. ಸಂಕಟದ ನುಡಿಗಟ್ಟು

ದುಃಖವು ಮೈಯಲ್ಲಿ ತೋರುವಾಗ ಎಲ್ಲ ನಾಡುಗಳಲ್ಲಿಯೂ ಒಂದೇ ರೂಪವನ್ನು ತಾಳುವುದಿಲ್ಲ. ಯಾವ ಜನಾಂಗವು ಯಾವ ರೂಪವನ್ನು ಗುರುತಿಸಿ ಓಗೊಡುತ್ತದೆಯೋ ಆ ರೂಪವನ್ನೇ ಅದು ಹೆಚ್ಚಾಗಿ ಧರಿಸುತ್ತದೆ. ಈ ವಿಚಾರದ ಎರಡು ಪ್ರಸಿದ್ಧ ಅಧ್ಯಯನಗಳು ಕರ್ನಾಟಕದ ಕರಾವಳಿಯಲ್ಲಿಯೇ ನಡೆದವು. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರರು ಉಡುಪಿಯ ಸೀಮೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಜನವರ್ಗಗಳನ್ನು ಮನೆಮನೆಯಾಗಿ ಪರಿಶೀಲಿಸಿ ೧೯೭೬ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಒಂದೇ ರೋಗಕ್ಕೆ ಜನರು ವೈದ್ಯ, ಮಂತ್ರವಾದಿ, ಪಾತ್ರಿ ಮೂವರನ್ನೂ ಆಶ್ರಯಿಸುವುದನ್ನು ಅವರು ಕಂಡರು. ಮಾರ್ಕ್ ನಿಕ್ಟರ್ ಎಂಬ ವಿದ್ವಾಂಸನು ದಕ್ಷಿಣ ಕನ್ನಡದ ಹವ್ಯಕ ಸ್ತ್ರೀಯರ ವಿಷಯವಾಗಿ ೧೯೮೧ರಲ್ಲಿ ಬರೆದ ಪ್ರಬಂಧದಲ್ಲಿ, ಬಾಯಿಬಿಟ್ಟು ಹೇಳಲಾಗದ ಮನೆಯೊಳಗಿನ ಸಂಕಟವು ಉಪವಾಸ, ಅತಿಮಡಿ, ಮೈನೋವು, ಆವೇಶ ಮುಂತಾದ ರೂಪಗಳಲ್ಲಿ ವ್ಯಕ್ತವಾಗುವುದನ್ನು ವಿವರಿಸಿ, ಇವುಗಳಿಗೆ 'ಸಂಕಟದ ನುಡಿಗಟ್ಟು' ಎಂಬರ್ಥದ ಹೆಸರನ್ನು ಕೊಟ್ಟನು. ಕನ್ನಡದ ನೆಲದಲ್ಲಿ ಹುಟ್ಟಿದ ಈ ಪರಿಭಾಷೆಯು ಇಂದು ಲೋಕದ ಮನೋವೈದ್ಯದಲ್ಲೆಲ್ಲ ಬಳಕೆಯಲ್ಲಿದೆ.

ಕರಾವಳಿಯನ್ನು ಬಿಟ್ಟು ಕೊಳ್ಳೇಗಾಲದ ಕಡೆಗೆ ಹೊರಳಿದರೆ ನುಡಿಗಟ್ಟಿನ ರೂಪ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ. ಕನ್ನಡದ ಆಡುಮಾತಿನಲ್ಲಿ ಮನಸ್ಸಿನ ನೋವಿಗೆಲ್ಲ ಮೈಯೇ ಮನೆ: ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ಕೆನ್ನುತ್ತದೆ, ಎದೆ ಒಡೆಯುತ್ತದೆ, ಗಂಟಲು ಕಟ್ಟುತ್ತದೆ. ಇವನ್ನು ಬರಿಯ ಅಲಂಕಾರಗಳೆಂದು ಅಲಂಕಾರಶಾಸ್ತ್ರಿಗಳು ಬಗೆಯಬಹುದು. ನೊಂದವರಿಗೆ ಇವು ವಾಚ್ಯಾರ್ಥಗಳು. ಹೊಟ್ಟೆಯುರಿಯೆಂದು ಆಸ್ಪತ್ರೆಗೆ ಬಂದವಳಿಗೆ ಅನ್ನಕೋಶದ ಮಾತ್ರೆಯನ್ನಷ್ಟೇ ಕೊಟ್ಟು ಕಳುಹಿಸುವ ವೈದ್ಯನು ಅರ್ಧವಾಕ್ಯವನ್ನು ಮಾತ್ರ ಓದಿದಂತಾಗುತ್ತದೆ.

ಇನ್ನು ಕಾರಣವನ್ನು ಹೇಳುವ ಮಾತುಗಳು ಬೇರೆ. ಗಾಳಿ ಸೋಕಿತು, ದೃಷ್ಟಿ ತಾಗಿತು, ಮದ್ದು ಹಾಕಿದರು, ಮಾಟ ಮಾಡಿಸಿದರು, ದೇವರು ಮುನಿಯಿತು. ಇವೆಲ್ಲವೂ ಒಂದೇ ಅಲ್ಲ. ಗಾಳಿಯು ಆಕಸ್ಮಿಕ, ಅವೇಳೆಯಲ್ಲಿ ಅಸ್ಥಾನದಲ್ಲಿ ನಡೆದವರಿಗೆ ತಗಲುವಂಥದು, ಅದರಲ್ಲಿ ಯಾರ ತಪ್ಪೂ ಇಲ್ಲ. ದೃಷ್ಟಿಯಲ್ಲಿ ಅಸೂಯೆಯುಂಟು, ಸಂಕಲ್ಪವಿಲ್ಲ. ಮದ್ದಿನಲ್ಲಿಯೂ ಮಾಟದಲ್ಲಿಯೂ ಸಂಕಲ್ಪವಿದೆ, ಹಗೆಯಿದೆ. ಉಣಬಡಿಸಿದ ಕೈಯೊಂದು, ನೆರೆಯ ಮನೆಯೊಂದು ಬೆರಳಿಗೆ ಗುರಿಯಾಗುತ್ತದೆ. ದೇವರ ಮುನಿಸಿನಲ್ಲಿ ತಪ್ಪು ಮನೆಯವರದೇ. ಮರೆತ ಹರಕೆಯನ್ನು ನೆನೆದು ತೀರಿಸುವುದೇ ಪರಿಹಾರ. ಆದುದರಿಂದ ಶಾಸ್ತ್ರ ಕೇಳಲು ಹೋದ ಮನೆಯವರಿಗೆ ದೊರೆಯುವ ಉತ್ತರವು ರೋಗದ ಹೆಸರು ಮಾತ್ರವಾಗಿರದೆ ಹೊಣೆಯ ಹಂಚಿಕೆಯೂ ಆಗಿರುತ್ತದೆ. ಗಾಳಿಯೆಂಬ ಉತ್ತರದಿಂದ ನೊಂದವಳಿಗೆ ದೂರಿಲ್ಲದ ವಿಶ್ರಾಂತಿ ಸಿಕ್ಕಬಹುದು. ಮಾಟವೆಂಬ ಉತ್ತರದಿಂದ ಎರಡು ಮನೆಗಳ ನಡುವೆ ತಲೆಮಾರಿನ ಹಗೆ ಬೆಳೆಯಬಹುದು. ಮಾಟದ ಹೆಸರಿನಲ್ಲಿ ನಡೆಯುವ ವ್ಯಾಪಾರದ ಕೇಡು ಹಣದ ನಷ್ಟಕ್ಕೆ ಮುಗಿಯದೆ ಇರುವುದು ಇದರಿಂದಲೇ.

೫. ಮೈಮೇಲೆ ಬರುವುದು, ಮೆಟ್ಟಿಕೊಳ್ಳುವುದು

ಆವೇಶವನ್ನು ಹೇಳುವಲ್ಲಿ ಈ ನುಡಿಯು ತೋರುವ ಸೂಕ್ಷ್ಮವು ಇನ್ನೂ ಹೆಚ್ಚಿನದು. ದೇವರು 'ಮೈಮೇಲೆ ಬರುತ್ತದೆ'. ಗಾಳಿ 'ಮೆಟ್ಟಿಕೊಳ್ಳುತ್ತದೆ', ದೆವ್ವ 'ಹಿಡಿಯುತ್ತದೆ'. ಬರುವವರಿಗೆ ಬಾಗಿಲು ತೆರೆದಿರುತ್ತದೆ, ಹೊತ್ತು ಗೊತ್ತುಗಳಿರುತ್ತವೆ, ಹೋಗುವ ವೇಳೆಯೂ ನಿಯತವಾಗಿರುತ್ತದೆ. ಮೆಟ್ಟುವುದು, ಹಿಡಿಯುವುದು ಬಲಾತ್ಕಾರದ ಕ್ರಿಯೆಗಳು. ಮಹದೇಶ್ವರನ ಬೆಟ್ಟದ ಜಾತ್ರೆಗಳಲ್ಲಿಯೂ, ಪುಷ್ಯಮಾಸದ ಹುಣ್ಣಿಮೆಯಲ್ಲಿ ಚಂದ್ರಮಂಡಲ ಸೇವೆಯಿಂದ ಮೊದಲಾಗುವ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆಯಲ್ಲಿಯೂ ನೆರೆಯುವ ಭಕ್ತಸಮೂಹದಲ್ಲಿ ಉಘೇ ಎಂಬ ಘೋಷದ ನಡುವೆ ಒಬ್ಬನಿಗೆ ಮೈ ತುಂಬಿದರೆ ಸುತ್ತಲಿನವರು ಬೆದರುವುದಿಲ್ಲ, ಕೈಮುಗಿದು ನಿಲ್ಲುತ್ತಾರೆ. ಅದೇ ಮನುಷ್ಯನು ಅಡುಗೆಮನೆಯ ಮೂಲೆಯಲ್ಲಿ ನಡುರಾತ್ರಿ ಕೂಗಿ ಬಿದ್ದರೆ ಮನೆಯವರು ಓಡಿಬರುತ್ತಾರೆ.

ಜಾಗತಿಕ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣವು ಆವೇಶವ್ಯಾಧಿಗೆ ಹೇಳಿರುವ ಲಕ್ಷಣಗಳನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತ. ತನ್ನತನದ ಸ್ಥಾನದಲ್ಲಿ ಹೊರಗಿನ ಚೇತನವೊಂದು ಬಂದು ಆಳುತ್ತಿದೆಯೆಂಬ ಅನುಭವವಿರಬೇಕು. ಅದು ಅನೈಚ್ಛಿಕವೂ ಬೇಡವಾದುದೂ ಆಗಿರಬೇಕು. ಆ ಸಮುದಾಯವು ಒಪ್ಪಿದ ಧಾರ್ಮಿಕ ಅಥವಾ ಸಾಂಸ್ಕೃತಿಕ ಆಚರಣೆಯ ಭಾಗವಾಗಿರಬಾರದು. ಮಾದಕವಸ್ತುವಿನ ಅಥವಾ ಬೇರೆ ರೋಗದ ಫಲವಾಗಿರಬಾರದು. ಅದರಿಂದ ಬಾಳ್ವೆಗೆ ಗಣನೀಯವಾದ ಕ್ಲೇಶ ಒದಗಿರಬೇಕು. ದೇವರು ಬಂದಿತೆಂದು ನಂಬುವುದೇ ರೋಗವಲ್ಲವೆಂಬುದು ಇದರ ತಾತ್ಪರ್ಯ. ನಂಬಿಕೆಯ ಸತ್ಯಾಸತ್ಯವನ್ನು ವೈದ್ಯನು ವಿಚಾರಿಸಬೇಕಾದುದಿಲ್ಲ. ಬಂದುದು ಕರೆದು ಬಂದಿತೆ, ಹೇಳಿದರೆ ಹೋಗುತ್ತದೆಯೆ, ಹೋದಮೇಲೆ ಮನುಷ್ಯನು ತನ್ನ ಕೆಲಸಕ್ಕೆ ಮರಳುತ್ತಾನೆಯೆ ಎಂಬುದನ್ನು ವಿಚಾರಿಸಬೇಕು. 'ಬರುವುದು' ಮತ್ತು 'ಮೆಟ್ಟಿಕೊಳ್ಳುವುದು' ಎಂಬೆರಡು ಕ್ರಿಯಾಪದಗಳು ಈ ವಿಚಾರಣೆಯ ಬಹುಭಾಗವನ್ನು ತಮ್ಮೊಳಗೆ ಅಡಗಿಸಿಕೊಂಡಿವೆ.

ಮೆಟ್ಟಿಕೊಂಡ ಚೇತನವು ಏನನ್ನು ನುಡಿಯುತ್ತದೆಂಬುದೂ ವಿಚಾರಾರ್ಹ. ಮದುವೆಯಾಗಿ ಬಂದ ಎಳೆಯ ಸೊಸೆಯೊಬ್ಬಳು ಅತ್ತೆಯ ಎದುರು ತುಟಿ ಬಿಚ್ಚದವಳು, ಗಾಳಿ ಮೆಟ್ಟಿದಾಗ ಅದೇ ಅತ್ತೆಯನ್ನು ಏಕವಚನದಲ್ಲಿ ಕರೆದು ತವರಿಗೆ ಕಳುಹಿಸೆಂದು ಕೂಗುತ್ತಾಳೆಂದು ಭಾವಿಸಬಹುದು. ಎಚ್ಚರಗೊಂಡ ಮೇಲೆ ಅವಳಿಗೆ ಅದು ನೆನಪಿರುವುದಿಲ್ಲ. ಆ ಮಾತಿನ ಹೊಣೆಯೂ ಅವಳ ಮೇಲೆ ಬೀಳುವುದಿಲ್ಲ. ಐ. ಎಂ. ಲೂಯಿಸ್ ಎಂಬ ಮಾನವಶಾಸ್ತ್ರಜ್ಞನು ೧೯೭೧ರಲ್ಲಿ, ಇಂಥ ಆವೇಶವು ಅಧಿಕಾರವಿಲ್ಲದವರ, ವಿಶೇಷವಾಗಿ ಸ್ತ್ರೀಯರ, ಪರೋಕ್ಷ ಪ್ರತಿಭಟನೆಯೆಂದು ಪ್ರತಿಪಾದಿಸಿದನು. ಆವೇಶವೆಲ್ಲವನ್ನೂ ಪ್ರತಿಭಟನೆಯೆಂದರೆ ಅತಿವ್ಯಾಪ್ತಿದೋಷವಾಗುತ್ತದೆ. ಕೆಲವರಲ್ಲಿ ಅದು ಶೋಕದ, ಕೆಲವರಲ್ಲಿ ಹಳೆಯ ಹಿಂಸೆಯ ನೆನಪಿನ ರೂಪ. ಆದರೂ ಬಾಯಿ ಕಟ್ಟಿದ ಕಡೆಯಲ್ಲಿ ಮೈ ಬಾಯಾಗುತ್ತದೆಂಬ ಮೂಲಾಂಶವು ನಿಲ್ಲುತ್ತದೆ.

೬. ಸಂಕಮ್ಮನ ಕಥೆಯಿಂದ ತಿಳಿಯುವುದು

ಈ ಮೂಲಾಂಶಕ್ಕೆ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲಿಗಿಂತ ಉತ್ತಮವಾದ ಭಾಷ್ಯವು ಸಿಕ್ಕುವುದು ಕಷ್ಟ. ಸಂಕಮ್ಮನು ಸೋಲಿಗರ ನೀಲೇಗೌಡನ ಹೆಂಡತಿ, ಮಕ್ಕಳಿಲ್ಲದವಳು. ಬೇಟೆಗೆಂದು ಕಾಡಿಗೆ ಹೊರಟ ಗಂಡನು ಅವಳಿಂದ ಪಾತಿವ್ರತ್ಯದ ಭಾಷೆಯನ್ನು ಕೇಳುತ್ತಾನೆ. ಅಂಥ ಭಾಷೆಯನ್ನು ಕೊಡಲು ಅವಳು ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಕಾಡಿನ ಗುಡಿಸಿಲಿನಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಅವಳ ಮೊರೆಯನ್ನು ಕೇಳಿ ಬಂದ ಮಾದಪ್ಪನು ಅವಳನ್ನು ಬಿಡಿಸಿ ಸಂತಾನಫಲವನ್ನು ಕೊಡುತ್ತಾನೆ. ಕಾರಯ್ಯ ಬಿಲ್ಲಯ್ಯರು ಹುಟ್ಟುತ್ತಾರೆ.

ಕಾವ್ಯದ ಪಾತ್ರಕ್ಕೆ ರೋಗದ ಹೆಸರನ್ನು ಹಚ್ಚುವುದು ವಿಮರ್ಶೆಯೂ ಅಲ್ಲ, ವೈದ್ಯವೂ ಅಲ್ಲ. ಸಂಕಮ್ಮನು ರೋಗಿಯೆಂದು ಹೇಳುವುದಕ್ಕೆ ಕಾವ್ಯದಲ್ಲಿ ಆಧಾರವಿಲ್ಲ. ಆದರೆ ಅನುಮಾನ, ಬಂಜೆಯೆಂಬ ನಿಂದೆ, ಒಂಟಿತನ, ಹೊಡೆತ ಎಂದು ಮನೋವೈದ್ಯರು ಇಂದು ಈ ವ್ಯಾಧಿಗಳ ಹಿನ್ನೆಲೆಯಾಗಿ ಎಣಿಸುವ ಸಂಗತಿಗಳನ್ನೆಲ್ಲ ಕಾವ್ಯವು ಒಂದೇ ಗುಡಿಸಿಲಿನಲ್ಲಿ ಕೂಡಿಸಿದೆ. ಮಾದಪ್ಪನು ಮೊದಲು ಮಾಡುವ ಕೆಲಸವೂ ಗಮನಾರ್ಹ: ಅವನು ಸಂಕಮ್ಮನಿಂದ ಪರೀಕ್ಷೆಯನ್ನು ಬೇಡುವುದಿಲ್ಲ; ಕೂಗನ್ನು ಕೇಳಿ ಬರುತ್ತಾನೆ, ಕಟ್ಟನ್ನು ಬಿಚ್ಚುತ್ತಾನೆ. ಈ ಸಾಲನ್ನು ಇರುಳೆಲ್ಲ ಕುಳಿತು ಕೇಳುವ ಹೆಂಗಸರಿಗೆ, ಹೇಳಲಾಗದ ತಮ್ಮ ಬಾಳಿನ ಮಾತು ಇನ್ನೊಬ್ಬಳ ಹೆಸರಿನಲ್ಲಿ ನುಡಿಯಾಗಿ ದೊರೆಯುತ್ತದೆ. ಯಳಂದೂರಿನ ಹೊನ್ನಮ್ಮನೂ ಸತಿಧರ್ಮದ ಸಹನೆಯನ್ನು ಬೋಧಿಸುವ ಕೃತಿಯಲ್ಲಿಯೇ ಹೆಣ್ಣನ್ನು ಹೀಗಳೆಯುವವರನ್ನು ಪ್ರಶ್ನಿಸದೆ ಬಿಟ್ಟಿಲ್ಲ. ನುಡಿಯಾದ ದುಃಖವು ವ್ಯಾಧಿಯಾಗಲೇಬೇಕೆಂಬ ಒತ್ತಡವಿಲ್ಲ. ಹಾಡು ವೈದ್ಯವಲ್ಲವಾದರೂ ವೈದ್ಯವು ಹಾಡಿನಿಂದ ಕಲಿಯಬೇಕಾದ ಮೊದಲ ಪಾಠವಿದು.

೭. ಎಚ್ಚರಿಕೆ ಮತ್ತು ಚಿಕಿತ್ಸೆ

ಗಾಳಿಯೆಂದು ತೋರಿದುದೆಲ್ಲ ಮನೋವ್ಯಾಧಿಯೂ ಅಲ್ಲ. ಕಾಡಂಚಿನ ಹಳ್ಳಿಗಳಲ್ಲಿ ನೆಲದ ಮೇಲೆ ಮಲಗಿದವರನ್ನು ಇರುಳಿನಲ್ಲಿ ಕಚ್ಚುವ ಕಟ್ಟುಹಾವಿನ ಕಡಿತಕ್ಕೆ ಬಹುಮಟ್ಟಿಗೆ ನೋವಿಲ್ಲ, ಗುರುತೂ ಇಲ್ಲ. ಹೊಟ್ಟೆನೋವಿನಿಂದ ಎದ್ದವರ ರೆಪ್ಪೆ ಜೋತು, ಮಾತು ತೊದಲಿ, ಬೆಳಗಾಗುವಷ್ಟರಲ್ಲಿ ಉಸಿರು ನಿಲ್ಲಬಹುದು. ಅಂಥವರನ್ನು ಮಂತ್ರಕ್ಕಾಗಲಿ 'ಮನಸ್ಸಿನ ಕಾಯಿಲೆ'ಯೆಂಬ ಉಪೇಕ್ಷೆಗಾಗಲಿ ಒಪ್ಪಿಸುವುದು ಸಾವಿಗೆ ಒಪ್ಪಿಸಿದಂತೆ. ಅಪಸ್ಮಾರವೂ ಲಾಡಿಹುಳುವಿನ ಕೋಶಗಳು ಮೆದುಳನ್ನು ಸೇರಿ ಉಂಟಾಗುವ ಸೆಳವೂ ದೆವ್ವದ ಹೆಸರನ್ನು ಪಡೆಯುವುದುಂಟು. ದೇಹದ ರಕ್ಷಣಾಶಕ್ತಿಯೇ ಮೆದುಳಿನ ಮೇಲೆ ತಿರುಗಿ ಬೀಳುವ, ೨೦೦೭ರಲ್ಲಿ ಗುರುತಿಸಲ್ಪಟ್ಟ ಒಂದು ಬಗೆಯ ಮೆದುಳಿನ ಉರಿಯೂತವು ಹೆಚ್ಚಾಗಿ ಎಳೆಯ ಹೆಂಗಸರಲ್ಲಿ ಆವೇಶವನ್ನೇ ಹೋಲುವ ವರ್ತನೆಯಿಂದ ಮೊದಲಾಗುತ್ತದೆ; ಸಕಾಲದ ಚಿಕಿತ್ಸೆಯಿಂದ ಬಹುಮಂದಿ ಗುಣಹೊಂದುತ್ತಾರೆ. ಆದಕಾರಣ ಮೊದಲು ದೇಹಪರೀಕ್ಷೆ, ತರುವಾಯ ಮನಃಪರೀಕ್ಷೆ ಎಂಬ ಕ್ರಮವು ಅನುಲ್ಲಂಘ್ಯ.

ವಿಘಟನೆಯೆಂದು ನಿಶ್ಚಯವಾದ ಮೇಲೆ ಚಿಕಿತ್ಸೆಯ ಮೊದಲ ಮೆಟ್ಟಿಲು ವಿವರಣೆ. ಈ ಕಾಲು ನಿಜವಾಗಿಯೂ ಸೋತಿದೆ, ನರವು ಕೆಟ್ಟಿಲ್ಲ, ಹಾದಿ ಕಟ್ಟಿದೆ, ಮತ್ತೆ ತೆರೆಯಬಹುದು ಎಂದು ರೋಗಿಗೂ ಮನೆಯವರಿಗೂ ತಿಳಿಯುವಂತೆ ಹೇಳಬೇಕು. ಬಳಿಕ ಅಂಗಸಾಧನೆ, ಸಮಾಲೋಚನೆ, ಜೊತೆಯಲ್ಲಿರುವ ಖಿನ್ನತೆಗೆ ಮದ್ದು, ಮನೆಯೊಳಗಿನ ಹಿಂಸೆಯಿದ್ದರೆ ಅದರ ನಿವಾರಣೆ. ಹೊಡೆತ, ಬರೆ, ಹೊಗೆ, ಸಂಕೋಲೆಗಳಿಂದ ವ್ಯಾಧಿಯು ಉಲ್ಬಣಿಸುತ್ತದೆ. ಹಿಂಸೆಯಿಂದ ಬಿರಿದ ಪ್ರಜ್ಞೆಯನ್ನು ಹಿಂಸೆಯಿಂದ ಬೆಸೆಯಲಾಗದು. ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದ ೨೮ ಮಂದಿ ಮನೋರೋಗಿಗಳು ಓಡಲಾರದೆ ಮಡಿದರು. ಕರ್ನಾಟಕದಲ್ಲಿ ೨೦೧೭ರಲ್ಲಿ ಅಂಗೀಕೃತವಾಗಿ ೨೦೨೦ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರಗಳ ನಿಷೇಧ ಶಾಸನವು, ದೆವ್ವ ಬಿಡಿಸುವ ನೆಪದ ಹಿಂಸೆಯನ್ನೂ, ಹಾವು ಕಚ್ಚಿದವರಿಗೆ ವೈದ್ಯವನ್ನು ತಪ್ಪಿಸಿ ಮಂತ್ರಕ್ಕೆ ಒಪ್ಪಿಸುವುದನ್ನೂ ಅಪರಾಧವೆಂದು ಸಾರಿದೆ. ಪೂಜೆ, ಹರಕೆ, ಜಾತ್ರೆಗಳನ್ನು ಅದು ಮುಟ್ಟಿಲ್ಲ. ಬರುವುದಕ್ಕೂ ಮೆಟ್ಟುವುದಕ್ಕೂ ನಡುವೆ ಜನರ ನುಡಿಯು ಎಳೆದ ಗೆರೆಯ ಆಸುಪಾಸಿನಲ್ಲಿಯೇ ಕಾನೂನಿನ ಗೆರೆಯೂ ಬಿದ್ದಿದೆ.

೮. ಉಪಸಂಹಾರ

ದೆವ್ವವೆಂಬುದೂ ನಟನೆಯೆಂಬುದೂ ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಅಭಿಪ್ರಾಯಗಳು. ಪರಿಣಾಮದಲ್ಲಿ ಎರಡೂ ಒಂದೇ. ಮೊದಲನೆಯದು ನೊಂದವಳ ಮಾತನ್ನು ಇನ್ನಾರದೋ ಮಾತೆನ್ನುತ್ತದೆ, ಎರಡನೆಯದು ಮಾತೇ ಸುಳ್ಳೆನ್ನುತ್ತದೆ. ಎರಡರಲ್ಲಿಯೂ ಅವಳ ಮಾತನ್ನು ಕೇಳುವವರಿಲ್ಲ. ಮನಶ್ಶಾಸ್ತ್ರವು ಇವೆರಡನ್ನೂ ಬಿಟ್ಟು, ನೋವು ನಿಜ, ಅದರ ನುಡಿಗಟ್ಟು ಜನರದು, ಅದರ ಅರ್ಥವನ್ನು ವಿಚಾರಿಸಿ ತಿಳಿಯಬೇಕು ಎಂಬ ನಿಲುವಿಗೆ ಬಂದಿದೆ. ಈ ವಿಚಾರಣೆಯಲ್ಲಿ ಭಾಷಾಭ್ಯಾಸಿಗಳಿಗೂ ಪಾಲುಂಟು. ನಿಘಂಟುಗಳಲ್ಲಿ ಗಾಳಿ, ಸೋಂಕು, ಮೆಟ್ಟು, ಮದ್ದು ಮೊದಲಾದ ಶಬ್ದಗಳಿಗೆ ಪಿಶಾಚ, ರೋಗ ಎಂದು ಒಂದೆರಡು ಪರ್ಯಾಯಗಳನ್ನು ಕೊಟ್ಟು ಮುಗಿಸದೆ, ಯಾರು ಯಾವ ಸಂದರ್ಭದಲ್ಲಿ ಯಾವ ನೋವಿಗೆ ಅವನ್ನು ಆಡುತ್ತಾರೆಂಬುದನ್ನು ಸೀಮೆಸೀಮೆಯಾಗಿ ಸಂಗ್ರಹಿಸಿದರೆ, ಅದು ಕನ್ನಡದ ಸೇವೆಯಾಗುವುದರೊಡನೆ ಹನೂರಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕಾದು ಕುಳಿತ ರೋಗಿಯ ಸೇವೆಯೂ ಆಗುತ್ತದೆ. 'ಎದೆಯಲ್ಲಿ ಗಾಳಿ ಸೇರಿಕೊಂಡಿದೆ' ಎಂದು ಅವಳು ಹೇಳಿದಾಗ, ಬೇರೆ ಸೀಮೆಯಿಂದ ಬಂದ ವೈದ್ಯನು ಮುಂದಿನ ಪ್ರಶ್ನೆಯನ್ನು ಕೇಳುವುದು ಅಂಥ ಸಂಗ್ರಹದ ಬಲದಿಂದಲೇ ಸಾಧ್ಯ.